ವಕೀಲಿಯಿಂದ ಸ್ಪೀಕರ್ ಪೀಠದವರೆಗೆ: ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆ ಬಗ್ಗೆ ಕೋಲಾರದ ಕಾನೂನು ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರದ ಕೋರ್ಟಿನಲ್ಲಿ ಇಪ್ಪತ್ತೆಂಟು ವರ್ಷದಿಂದ ವಕೀಲಿ ಮಾಡುತ್ತಿದ್ದೇನೆ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಚಿಂತಾಮಣಿ ಕಡೆಯಿಂದ ಕಾನೂನು ಓದಿದ ಮಕ್ಕಳು ಜೂನಿಯರ್‌ಗಳಾಗಿ ಬರುತ್ತಾರೆ. ಸಂಜೆ ಕಕ್ಷಿದಾರರು ಕೊನೆ ಬಸ್ಸು ಹಿಡಿಯಲು ಎದ್ದು ಹೋದ ಮೇಲೆ, ಮಾರನೇ ದಿನದ ಫೈಲುಗಳನ್ನು ಜೋಡಿಸುತ್ತಾ ಮಾತು ಶುರುವಾಗುತ್ತದೆ. ಎಲ್ಲಿಂದ ಹೊರಟರೂ ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ: "ಸರ್, ವಕೀಲಿಯಿಂದ ಶುರು ಮಾಡಿದವರು ಎಲ್ಲಿವರೆಗೆ ಹೋಗಬಹುದು?" ಆಗೆಲ್ಲ ನಾನು ಹೇಳುವ ಹೆಸರು ಕೌಡೂರು ಸದಾನಂದ ಹೆಗ್ಡೆ. ಆಮೇಲೆ ಬರುವ ಪ್ರಶ್ನೆಗಳನ್ನೂ, ನಾನು ಕೊಡುವ ಉತ್ತರಗಳನ್ನೂ ಇಲ್ಲಿ ಬರೆದಿಟ್ಟಿದ್ದೇನೆ.

ಯಾರು ಸರ್ ಈ ಹೆಗ್ಡೆ? ನಮ್ಮ ಕಡೆಯವರಾ?

ಅಲ್ಲ, ಕರಾವಳಿಯವರು. 1909ರ ಜೂನ್ 11ರಂದು ಕಾರ್ಕಳ ತಾಲ್ಲೂಕಿನ ಕೌಡೂರಿನಲ್ಲಿ ಹುಟ್ಟಿದರು. ಮಂಗಳೂರಿನ ಸೇಂಟ್ ಅಲೋಶಿಯಸ್ ಕಾಲೇಜು, ಆಮೇಲೆ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು, ಅಲ್ಲೇ ಲಾ ಕಾಲೇಜು. ಓದು ಮುಗಿಸಿ ಊರಿನ ಕಡೆಗೇ ಬಂದು ಕಾರ್ಕಳ, ಮಂಗಳೂರಿನಲ್ಲಿ ಕರಿಕೋಟು ತೊಟ್ಟರು. ಕೆಲವು ವರ್ಷ ಸರ್ಕಾರಿ ವಕೀಲರೂ ಆಗಿದ್ದರು. ಅಂದರೆ ಅವರ ಆರಂಭ ನಿಮ್ಮ ಆರಂಭದ ಹಾಗೆಯೇ: ತಾಲ್ಲೂಕು ಕೋರ್ಟು, ಜಮೀನಿನ ದಾವೆ, ಹಳ್ಳಿಯಿಂದ ನಡೆದು ಬಂದ ಕಕ್ಷಿದಾರ. ಈ ಒಂದು ಕಾರಣಕ್ಕೇ ನಾನು ದೆಹಲಿಯಲ್ಲಿ ಹುಟ್ಟಿ ದೆಹಲಿಯಲ್ಲೇ ಬೆಳೆದ ದೊಡ್ಡ ವಕೀಲರ ಕಥೆ ಹೇಳುವುದಿಲ್ಲ, ಇವರದ್ದನ್ನು ಹೇಳುತ್ತೇನೆ.

ವಕೀಲ, ಜಡ್ಜ್, ಸಂಸದ. ಯಾವುದು ಮೊದಲು, ಯಾವುದು ಆಮೇಲೆ?

ಇಲ್ಲೇ ಎಲ್ಲರೂ ತಪ್ಪುವುದು. ವಕೀಲಿ, ಆಮೇಲೆ ಜಡ್ಜ್, ಆಮೇಲೆ ಸಂಸತ್ತು ಅಂತ ನೇರ ಮೆಟ್ಟಿಲು ಹತ್ತಿದವರಲ್ಲ ಅವರು. ವಕೀಲಿಯಿಂದ ಮೊದಲು ಹೋದದ್ದೇ ಸಂಸತ್ತಿಗೆ. 1952ರಲ್ಲಿ ರಾಜ್ಯಸಭೆ ಹೊಸದಾಗಿ ಶುರುವಾದಾಗ ಕಾಂಗ್ರೆಸ್ಸಿನಿಂದ ಆಯ್ಕೆಯಾದರು. ಆಗ ದಕ್ಷಿಣ ಕನ್ನಡ ಮದ್ರಾಸ್ ರಾಜ್ಯಕ್ಕೆ ಸೇರಿತ್ತು, ಹಾಗಾಗಿ ಮದ್ರಾಸಿನಿಂದ. 1956ರ ನವೆಂಬರ್ 1ಕ್ಕೆ ರಾಜ್ಯಗಳು ಮರುವಿಂಗಡಣೆಯಾಗಿ ಅವರ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. 1957ರಲ್ಲಿ ರಾಜ್ಯಸಭಾ ಸ್ಥಾನ ಬಿಟ್ಟು ಮೈಸೂರು ಹೈಕೋರ್ಟಿನ ನ್ಯಾಯಮೂರ್ತಿಯಾದರು. 1966ರ ಅಕ್ಟೋಬರ್ 31ರಂದು ದೆಹಲಿ ಹೈಕೋರ್ಟು ಸ್ಥಾಪನೆಯಾದಾಗ ಅದರ ಮೊದಲ ಮುಖ್ಯ ನ್ಯಾಯಮೂರ್ತಿ. 1967ರಲ್ಲಿ ಸುಪ್ರೀಂ ಕೋರ್ಟು. 1973ರಲ್ಲಿ ರಾಜೀನಾಮೆ. 1977ರಲ್ಲಿ ಬೆಂಗಳೂರು ದಕ್ಷಿಣದಿಂದ ಲೋಕಸಭೆಗೆ ಆಯ್ಕೆ, ಅದೇ ವರ್ಷ ಜುಲೈನಲ್ಲಿ ಸ್ಪೀಕರ್. 1980ರ ಜನವರಿವರೆಗೆ ಆ ಪೀಠದಲ್ಲಿದ್ದರು. 1990ರಲ್ಲಿ ತೀರಿಕೊಂಡರು.

ಸಂಸತ್ತಿನ ಎರಡೂ ಸದನ, ಎರಡು ಹೈಕೋರ್ಟು, ಸುಪ್ರೀಂ ಕೋರ್ಟು. ಶಾಸನ ಮಾಡುವ ಕಡೆಯಿಂದ ಅದನ್ನು ತೂಗುವ ಕಡೆಗೆ ಹೋಗಿ, ಮತ್ತೆ ಮಾಡುವ ಕಡೆಗೆ ಬಂದವರು.

ಒಂದು ಪಕ್ಷದ ಸಂಸದರನ್ನು ಹೇಗೆ ಹೈಕೋರ್ಟ್ ಜಡ್ಜ್ ಮಾಡಿದರು? ಅದು ತಪ್ಪಲ್ಲವಾ?

ಸಂವಿಧಾನದಲ್ಲಿ ಅಡ್ಡಿಯಿಲ್ಲ. 217ನೇ ವಿಧಿ ಕೇಳುವುದು ಹತ್ತು ವರ್ಷ ಹೈಕೋರ್ಟಿನ ವಕೀಲರಾಗಿರಬೇಕು ಅಥವಾ ಹತ್ತು ವರ್ಷ ನ್ಯಾಯಾಂಗ ಹುದ್ದೆಯಲ್ಲಿರಬೇಕು ಅಂತ. ಪಕ್ಷದ ವಿಚಾರ ಅಲ್ಲಿ ಬರುವುದೇ ಇಲ್ಲ. 2023ರ ಫೆಬ್ರವರಿಯಲ್ಲಿ ಮದ್ರಾಸ್ ಹೈಕೋರ್ಟಿನ ಒಂದು ನೇಮಕವನ್ನು ಇದೇ ಕಾರಣಕ್ಕೆ ಪ್ರಶ್ನಿಸಿದಾಗಲೂ ಸುಪ್ರೀಂ ಕೋರ್ಟು ಅರ್ಜಿಯನ್ನು ವಜಾ ಮಾಡಿತು. ಕೇರಳದಲ್ಲಿ ಮಂತ್ರಿಯಾಗಿದ್ದ ವಿ.ಆರ್. ಕೃಷ್ಣ ಅಯ್ಯರ್ ಆಮೇಲೆ ಸುಪ್ರೀಂ ಕೋರ್ಟಿಗೆ ಬಂದು ಬಡವರ ಪರ ಎಂಥ ತೀರ್ಪುಗಳನ್ನು ಬರೆದರು ಅನ್ನುವುದು ನಿಮ್ಮ ಪಠ್ಯಪುಸ್ತಕದಲ್ಲೇ ಇದೆ.

ತಪ್ಪೋ ಸರಿಯೋ ಅಂತ ನನ್ನನ್ನು ಕೇಳಿದರೆ, ಪೀಠ ಹತ್ತುವ ದಿನ ಅದನ್ನು ತೀರ್ಮಾನ ಮಾಡಲು ಆಗುವುದಿಲ್ಲ ಅನ್ನುತ್ತೇನೆ. ಹೆಗ್ಡೆ ಕಾಂಗ್ರೆಸ್ಸಿನ ಸಂಸದರಾಗಿ ಪೀಠಕ್ಕೆ ಬಂದರು, ಕಾಂಗ್ರೆಸ್ ಸರ್ಕಾರಕ್ಕೆ ಬೇಡವಾದ ತೀರ್ಪು ಬರೆದು ಪೀಠ ಬಿಟ್ಟರು. ನಡುವಿನ ಹದಿನಾರು ವರ್ಷಗಳ ತೀರ್ಪುಗಳನ್ನು ಓದಿ ನೋಡಿ.

ಅವರ ತೀರ್ಪುಗಳಲ್ಲಿ ಒಂದನ್ನೇ ಓದಬೇಕು ಅಂದರೆ ಯಾವುದು?

1973ರ ಕೇಶವಾನಂದ ಭಾರತಿ ಪ್ರಕರಣ ಅಂತ ಹೇಳುತ್ತೇನೆ ಅಂದುಕೊಂಡಿರುತ್ತೀರಿ. ಅಲ್ಲ. 1969ರ ಎ.ಕೆ. ಕ್ರೈಪಾಕ್ ಪ್ರಕರಣ. ಐವರು ನ್ಯಾಯಮೂರ್ತಿಗಳ ಪೀಠ, ತೀರ್ಪು ಬರೆದವರು ಹೆಗ್ಡೆ. ಪುಟಗಳೂ ಹೆಚ್ಚಿಲ್ಲ, ಒಂದು ಸಂಜೆಗೆ ಓದಿ ಮುಗಿಸಬಹುದು.

ಸಂಗತಿ ಸರಳ. ಭಾರತೀಯ ಅರಣ್ಯ ಸೇವೆ ಅಂತ ಹೊಸ ಕೇಡರ್ ಶುರುವಾಗಿತ್ತು. ಜಮ್ಮು ಮತ್ತು ಕಾಶ್ಮೀರದ ಅರಣ್ಯಾಧಿಕಾರಿಗಳಲ್ಲಿ ಯಾರನ್ನು ಅದಕ್ಕೆ ಸೇರಿಸಬೇಕು ಅಂತ ನೋಡಲು ಒಂದು ಆಯ್ಕೆ ಮಂಡಳಿ ಕೂತಿತು. ಅದರಲ್ಲಿ ಆ ರಾಜ್ಯದ ಪ್ರಭಾರ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿ ಸದಸ್ಯರು. ಆದರೆ ಅವರೂ ಒಬ್ಬ ಅಭ್ಯರ್ಥಿ! ತನ್ನ ಹೆಸರು ಚರ್ಚೆಗೆ ಬಂದಾಗ ಅವರು ಎದ್ದು ಹೊರಗೆ ಹೋದರು. ತನಗೆ ಪೈಪೋಟಿಯಾಗಿದ್ದವರ ಹೆಸರು ಬಂದಾಗ ಕೂತಿದ್ದರು. ಪಟ್ಟಿಯಲ್ಲಿ ಯಾರು ಮೇಲೆ, ಯಾರು ಕೆಳಗೆ ಅಂತ ತೀರ್ಮಾನಿಸುವಾಗಲೂ ಕೂತಿದ್ದರು. ಪಟ್ಟಿ ಬಂದಾಗ ಅವರ ಹೆಸರು ಅದರಲ್ಲಿತ್ತು, ಕ್ರೈಪಾಕ್ ಮತ್ತಿತರರಿಗೆ ಅನ್ಯಾಯವಾಗಿತ್ತು.

ಸರ್ಕಾರದ ವಾದ ಹೀಗಿತ್ತು: ಇದು ಆಡಳಿತದ ಕೆಲಸ, ಕೋರ್ಟಿನ ಕೆಲಸವಲ್ಲ, ಹಾಗಾಗಿ ಸಹಜ ನ್ಯಾಯದ ನಿಯಮ, ಅಂದರೆ ತನ್ನ ಕೇಸಿಗೆ ತಾನೇ ಜಡ್ಜ್ ಆಗಬಾರದು ಅನ್ನುವಂಥದ್ದು, ಇಲ್ಲಿ ಅನ್ವಯಿಸುವುದಿಲ್ಲ. ಜೊತೆಗೆ, ಅವರ ಹೆಸರು ಬಂದಾಗ ಹೊರಗೆ ಹೋಗಿದ್ದರಲ್ಲ! ಹೆಗ್ಡೆ ಎರಡನ್ನೂ ಒಪ್ಪಲಿಲ್ಲ. ಆಡಳಿತದ ಅಧಿಕಾರ, ಕೋರ್ಟಿನ ಹಾಗೆ ತೀರ್ಮಾನಿಸುವ ಅರೆನ್ಯಾಯಿಕ ಅಧಿಕಾರ ಇವುಗಳ ನಡುವಿನ ಗೆರೆ ತೆಳ್ಳಗಾಗುತ್ತಾ ಅಳಿಸಿಹೋಗುತ್ತಿದೆ ಎಂದರು. ಇನ್ನು ಪಕ್ಷಪಾತದ ಮಾತು: ಆ ಅಧಿಕಾರಿ ನಿಜವಾಗಿ ಪಕ್ಷಪಾತ ಮಾಡಿದರಾ ಅಂತ ಅವರ ಎದೆ ಬಗೆದು ನೋಡಬೇಕಿಲ್ಲ, ಪಕ್ಷಪಾತ ಮಾಡಿರಬಹುದು ಎಂದು ನಂಬಲು ಸಮಂಜಸ ಕಾರಣ ಇದ್ದರೆ ಸಾಕು. ಪೈಪೋಟಿಯವರನ್ನು ತೂಗುವ ತಕ್ಕಡಿ ಕೈಯಲ್ಲಿದ್ದಾಗ ಮನುಷ್ಯನ ಮನಸ್ಸು ತನ್ನ ಕಡೆ ವಾಲುವುದು ಸಹಜ. ಇಡೀ ಆಯ್ಕೆಯನ್ನೇ ರದ್ದು ಮಾಡಿದರು.

ಇದು ಕಾಶ್ಮೀರದ ಕಾಡಿನ ಕಥೆ ಅಂತ ಬಿಡಬೇಡಿ. ಗ್ರಾಮ ಪಂಚಾಯಿತಿ ನಿವೇಶನ ಹಂಚುವ ಸಭೆ, ಹಾಲಿನ ಡೇರಿಯ ಕಾರ್ಯದರ್ಶಿ ನೇಮಕ, ಶಾಲೆಯ ಆಡಳಿತ ಮಂಡಳಿ, ಬಗರ್‌ಹುಕುಂ ಸಮಿತಿ, ಎಲ್ಲ ಕಡೆ ಇದೇ ಕ್ರೈಪಾಕ್ ಕೂತಿರುತ್ತದೆ. ತಮ್ಮನ ಅರ್ಜಿ ಬಂದಾಗ ಅಣ್ಣ ಐದು ನಿಮಿಷ ಹೊರಗೆ ಹೋಗಿ ಟೀ ಕುಡಿದು ಬರುತ್ತಾನೆ, ಪಕ್ಕದ ಮನೆಯವನ ಅರ್ಜಿ ಬಂದಾಗ ಒಳಗೇ ಇರುತ್ತಾನೆ. ನನ್ನ ಕಕ್ಷಿದಾರರಿಗಾಗಿ ಈ ತೀರ್ಪನ್ನು ಎಷ್ಟು ಸಲ ಪೀಠದ ಮುಂದೆ ಓದಿದ್ದೇನೋ ಲೆಕ್ಕವಿಲ್ಲ. ತನ್ನ ಕೇಸಿಗೆ ತಾನೇ ಜಡ್ಜ್ ಆಗಬಾರದು ಅನ್ನುವ ಮಾತನ್ನು ನೆನಪಿಡಿ, ಮುಂದಿನ ಉತ್ತರಗಳಲ್ಲೂ ಇದೇ ಅಳತೆಗೋಲು ಹಿಡಿಯುತ್ತೇನೆ.

1973ರಲ್ಲಿ ನಿಜಕ್ಕೂ ಏನು ನಡೆಯಿತು?

ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಕೇರಳದ ಭೂ ಸುಧಾರಣಾ ಕಾಯ್ದೆಯ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಗಿದ್ದರು. ಮಠದ ಜಮೀನಿನಿಂದ ಶುರುವಾದದ್ದು, ಸಂಸತ್ತು ಸಂವಿಧಾನವನ್ನು ಎಷ್ಟರಮಟ್ಟಿಗೆ ತಿದ್ದಬಹುದು ಅನ್ನುವ ಪ್ರಶ್ನೆಯಾಗಿ ಬೆಳೆಯಿತು. ಹದಿಮೂರು ನ್ಯಾಯಮೂರ್ತಿಗಳು, 68 ದಿನದ ವಾದ. 1973ರ ಏಪ್ರಿಲ್ 24ರಂದು ತೀರ್ಪು, 7ಕ್ಕೆ 6. ಸಂಸತ್ತು ತಿದ್ದುಪಡಿ ಮಾಡಬಹುದು, ಆದರೆ ಸಂವಿಧಾನದ ಮೂಲ ಸ್ವರೂಪವನ್ನು ಮುರಿಯುವಂತಿಲ್ಲ ಎಂದ ಏಳು ಜನರಲ್ಲಿ ಹೆಗ್ಡೆ ಒಬ್ಬರು. ನ್ಯಾಯಮೂರ್ತಿ ಮುಖರ್ಜಿಯಾ ಅವರ ಜೊತೆ ಸೇರಿ ತಮ್ಮ ಅಭಿಪ್ರಾಯ ಬರೆದರು.

ಮಾರನೇ ದಿನವೇ ಮುಂದಿನ ಮುಖ್ಯ ನ್ಯಾಯಮೂರ್ತಿ ಯಾರು ಅನ್ನುವ ಘೋಷಣೆ ಬಂತು. ಅಲ್ಲಿವರೆಗಿನ ವಾಡಿಕೆ ಪ್ರಕಾರ ಹಿರಿಯರಾದ ಶೆಲತ್ ಆಗಬೇಕಿತ್ತು. ಅವರು ಕೆಲವೇ ತಿಂಗಳಲ್ಲಿ ನಿವೃತ್ತರಾಗುವವರು, ಆಮೇಲೆ ಹೆಗ್ಡೆ ಸರದಿ. ಸರ್ಕಾರ ಶೆಲತ್, ಹೆಗ್ಡೆ, ಗ್ರೋವರ್ ಮೂವರನ್ನೂ ದಾಟಿಸಿ ನಾಲ್ಕನೆಯವರಾದ ಎ.ಎನ್. ರೇ ಅವರನ್ನು ನೇಮಿಸಿತು. ಹೀಗೆ ಬದಿಗೆ ಸರಿಸಿದ ಮೂವರೂ ಏಳು ಜನರ ಗುಂಪಿನಲ್ಲಿದ್ದವರು, ರೇ ಆರು ಜನರ ಗುಂಪಿನಲ್ಲಿದ್ದವರು. ಮೂವರೂ ರಾಜೀನಾಮೆ ಕೊಟ್ಟರು. ಇಂದಿರಾ ಗಾಂಧಿಯವರ ಆಯ್ಕೆಯ ವಿರುದ್ಧ ರಾಜ್ ನಾರಾಯಣ್ ಹಾಕಿದ್ದ ಚುನಾವಣಾ ತಕರಾರಿನ ಒಂದು ಹಂತ 1972ರಲ್ಲಿ ಸುಪ್ರೀಂ ಕೋರ್ಟಿಗೆ ಬಂದಾಗ, ರಾಜ್ ನಾರಾಯಣ್ ಪರವಾಗಿ ಬಂದ ತೀರ್ಪನ್ನು ಬರೆದವರೂ ಹೆಗ್ಡೆ ಅನ್ನುವುದನ್ನು ಇದರ ಜೊತೆ ಸೇರಿಸಿ ಓದಿಕೊಳ್ಳಿ.

ರಾಜೀನಾಮೆ ಕೊಡದೆ ಒಳಗೇ ಇದ್ದು ಹೋರಾಡಬಹುದಿತ್ತಲ್ಲ?

ಈ ಪ್ರಶ್ನೆಯನ್ನು ಒಬ್ಬ ಹುಡುಗಿ ಕೇಳಿದಾಗ ಎರಡು ದಿನ ಯೋಚನೆ ಮಾಡಿ ಉತ್ತರ ಹೇಳಿದೆ. ಒಳಗೆ ಇದ್ದಿದ್ದರೆ ಇನ್ನೊಂದು ವರ್ಷ ಮಾತ್ರ, 1974ರ ಜೂನ್‌ಗೆ ನಿವೃತ್ತಿಯ ವಯಸ್ಸು ಅರವತ್ತೈದು ತುಂಬುತ್ತಿತ್ತು. ಆ ಒಂದು ವರ್ಷ, ತನ್ನನ್ನು ದಾಟಿಸಿದ ಸರ್ಕಾರವೇ ಕಕ್ಷಿದಾರನಾಗಿ ದಿನಾ ಎದುರಿಗೆ ನಿಲ್ಲುತ್ತದೆ. ಸರ್ಕಾರದ ವಿರುದ್ಧ ತೀರ್ಪು ಕೊಟ್ಟರೆ ಸೇಡು ಅನ್ನುತ್ತಾರೆ, ಪರವಾಗಿ ಕೊಟ್ಟರೆ ಹೆದರಿದ ಅನ್ನುತ್ತಾರೆ. ಕ್ರೈಪಾಕ್ ತೀರ್ಪು ಬರೆದವರಿಗೆ, ಜನ ಹಾಗೆ ನಂಬಲು ಕಾರಣ ಸಿಕ್ಕರೂ ಸಾಕು ಪೀಠಕ್ಕೆ ಕುಂದು ಅನ್ನುವುದು ಯಾರೂ ಹೇಳಿಕೊಡಬೇಕಾದ ವಿಷಯವಲ್ಲ. ರಾಜೀನಾಮೆ ಸರಿ ಅಂತಲೇ ನನ್ನ ಅಭಿಪ್ರಾಯ. ಆ ಹುಡುಗಿ ಒಪ್ಪಲಿಲ್ಲ. ಒಳ್ಳೆಯ ಜಡ್ಜ್‌ಗಳು ಎದ್ದು ಹೋದರೆ ಕೋರ್ಟು ಯಾರಿಗೆ ಉಳಿಯುತ್ತದೆ ಅಂತ ಕೇಳಿದಳು. ಅದೂ ತಳ್ಳಿಹಾಕುವ ಮಾತಲ್ಲ.

ಮತ್ತೆ ರಾಜಕೀಯಕ್ಕೆ ಬಂದರಲ್ಲ, ಅದು ಹೇಗೆ?

ತುರ್ತು ಪರಿಸ್ಥಿತಿ ಮುಗಿಯುವ ಹೊತ್ತಿಗೆ, 1977ರ ಮಾರ್ಚ್ ಚುನಾವಣೆಯಲ್ಲಿ ಜನತಾ ಪಕ್ಷದಿಂದ ಬೆಂಗಳೂರು ದಕ್ಷಿಣಕ್ಕೆ ನಿಂತರು. ಉತ್ತರ ಭಾರತದಲ್ಲಿ ಕಾಂಗ್ರೆಸ್ ಕೊಚ್ಚಿಹೋದ ಚುನಾವಣೆ ಅದು, ಆದರೆ ಕರ್ನಾಟಕದಲ್ಲಿ ಗಾಳಿ ಹಾಗಿರಲಿಲ್ಲ. ಇಲ್ಲಿನ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೇ ಬಂದವು. ಜನತಾ ಪಕ್ಷಕ್ಕೆ ಸಿಕ್ಕಿದ್ದು ಎರಡೇ, ಅದರಲ್ಲಿ ಒಂದು ಹೆಗ್ಡೆ ಅವರದ್ದು. ಗಾಳಿಗೆ ಎದುರಾಗಿ ನಿಂತು, ಬೀದಿ ಬೀದಿಯಲ್ಲಿ ಓಟು ಕೇಳಿ ಗೆದ್ದರು. ಪೀಠ ಬಿಟ್ಟು ಸುಮಾರು ನಾಲ್ಕು ವರ್ಷ ಆಗಿತ್ತು.

ಸ್ಪೀಕರ್ ಆಗಿ ಹೇಗಿದ್ದರು?

ಆ ಪೀಠಕ್ಕೂ ಜಡ್ಜ್ ಪೀಠಕ್ಕೂ ಹೋಲಿಕೆ ಇದೆ. ಸ್ಪೀಕರ್ ಮೊದಲ ಸುತ್ತಿನಲ್ಲಿ ಮತ ಹಾಕುವುದಿಲ್ಲ, ಮತಗಳು ಸಮವಾದರೆ ಮಾತ್ರ ಹಾಕಬೇಕು. ಎರಡೂ ಕಡೆಯವರ ಮಾತು ಕೇಳಬೇಕು, ತನ್ನದನ್ನು ಹೇಳಬಾರದು. ನೀಲಂ ಸಂಜೀವ ರೆಡ್ಡಿ ರಾಷ್ಟ್ರಪತಿಯಾಗಲು ಸ್ಪೀಕರ್ ಸ್ಥಾನ ಬಿಟ್ಟ ಮೇಲೆ 1977ರ ಜುಲೈ 21ರಂದು ಹೆಗ್ಡೆ ಆ ಜಾಗಕ್ಕೆ ಬಂದರು.

ಅವರ ಕಾಲದ ಒಂದು ಪ್ರಸಂಗ ಮಾತ್ರ ನನಗೆ ಇವತ್ತಿಗೂ ಸಮಾಧಾನ ಕೊಟ್ಟಿಲ್ಲ. 1978ರಲ್ಲಿ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ಗೆದ್ದು ಇಂದಿರಾ ಗಾಂಧಿ ಲೋಕಸಭೆಗೆ ಬಂದರು. ಅವರು ಪ್ರಧಾನಿಯಾಗಿದ್ದಾಗ, ಅವರ ಮಗ ಸಂಜಯ್ ಗಾಂಧಿಯ ಮಾರುತಿ ಕಂಪನಿ ಬಗ್ಗೆ ಸದನದ ಪ್ರಶ್ನೆಗೆ ಮಾಹಿತಿ ಕಲೆಹಾಕುತ್ತಿದ್ದ ಅಧಿಕಾರಿಗಳಿಗೆ ಕಿರುಕುಳವಾಯಿತು ಅನ್ನುವುದು ಹಕ್ಕುಚ್ಯುತಿಯ, ಅಂದರೆ ಸದನದ ಹಕ್ಕಿಗೆ ಧಕ್ಕೆ ತಂದ, ಆರೋಪ. ಡಿಸೆಂಬರ್ 19ರಂದು ಸದನ ಅವರನ್ನು ಉಚ್ಚಾಟಿಸಿ, ಅಧಿವೇಶನ ಮುಗಿಯುವವರೆಗೆ ಜೈಲಿಗೆ ಕಳಿಸುವ ನಿರ್ಣಯ ಮಾಡಿತು. ತೀರ್ಮಾನ ಸದನದ್ದು, ಸ್ಪೀಕರ್ ಅವರದ್ದಲ್ಲ. ಆದರೆ ಸದನದ ಬಹುಮತದವರೆಲ್ಲ ಅವರಿಂದ ತುರ್ತು ಪರಿಸ್ಥಿತಿಯಲ್ಲಿ ನೊಂದವರು. ದೂರುದಾರರೂ ಅವರೇ, ತೀರ್ಪುಗಾರರೂ ಅವರೇ. ಪೀಠದಲ್ಲಿ ಕೂತ ಹೆಗ್ಡೆ ಕೂಡ ಇಂದಿರಾ ಸರ್ಕಾರ ಬದಿಗೆ ಸರಿಸಿದವರು. 1969ರ ಅಳತೆಗೋಲನ್ನು ಆ ದಿನದ ಲೋಕಸಭೆಯ ಮೇಲೆ ಇಟ್ಟರೆ ಅದು ಸರಿಯಾಗಿ ಕೂರುವುದಿಲ್ಲ. 1981ರಲ್ಲಿ ಮುಂದಿನ ಲೋಕಸಭೆ ಆ ನಿರ್ಣಯವನ್ನೇ ರದ್ದು ಮಾಡಿತು, ಆದರೆ ಆಗ ಬಹುಮತ ಇಂದಿರಾ ಅವರ ಪಕ್ಷದ್ದಾಗಿತ್ತು, ಹಾಗಾಗಿ ಅದರಿಂದಲೂ ಪ್ರಶ್ನೆ ತೀರಲಿಲ್ಲ. ಹೆಗ್ಡೆ ಅವರ ಮೇಲಿನ ಗೌರವಕ್ಕೆ ಇದನ್ನು ಮುಚ್ಚಿಟ್ಟು ಹೇಳಿದರೆ ನಿಮಗೆ ಕಾನೂನು ಕಲಿಸಿದ ಹಾಗಾಗುವುದಿಲ್ಲ.

ಕರ್ನಾಟಕದಿಂದ ಬೇರೆ ಯಾರಾದರೂ ಈ ದಾರಿಯಲ್ಲಿ ಹೋಗಿದ್ದಾರಾ?

ನ್ಯಾಯಮೂರ್ತಿ ಎಂ. ರಾಮಾ ಜೋಯಿಸ್. ತೀರ್ಥಹಳ್ಳಿ ತಾಲ್ಲೂಕಿನ ಆರಗದವರು. ವಕೀಲರಾಗಿದ್ದಾಗ ತುರ್ತು ಪರಿಸ್ಥಿತಿಯಲ್ಲಿ ಜೈಲಿಗೆ ಹೋದರು, ಆಮೇಲೆ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ, 1992ರಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ. ಅಲ್ಲಿಂದ ರಾಜೀನಾಮೆ. ಜಾರ್ಖಂಡ್, ಬಿಹಾರಕ್ಕೆ ರಾಜ್ಯಪಾಲರು. 2008ರಿಂದ 2014ರವರೆಗೆ ಬಿಜೆಪಿಯಿಂದ ಕರ್ನಾಟಕದ ರಾಜ್ಯಸಭಾ ಸದಸ್ಯರು. 2021ರಲ್ಲಿ ತೀರಿಕೊಂಡರು. ನೀವು ಕೇಳುವ "ವಕೀಲ, ಜಡ್ಜ್, ಸಂಸದ" ಅನ್ನುವ ಕ್ರಮಕ್ಕೆ ನೇರವಾಗಿ ಒಪ್ಪುವವರು ಇವರು.

ನಮ್ಮ ಕೋಲಾರ, ಚಿಕ್ಕಬಳ್ಳಾಪುರದವರು?

ಮೂರನ್ನೂ ಒಟ್ಟಿಗೆ ಮಾಡಿದವರನ್ನು ಹುಡುಕಬೇಡಿ, ಒಂದೊಂದನ್ನು ಚೆನ್ನಾಗಿ ಮಾಡಿದವರನ್ನು ನೋಡಿ. ಕ್ಯಾಸಂಬಳ್ಳಿಯ ಕೆ. ಚೆಂಗಲರಾಯ ರೆಡ್ಡಿ ಕಾನೂನು ಓದಿದವರು. 1947ರಲ್ಲಿ ಮೈಸೂರಿನ ಮೊದಲ ಮುಖ್ಯಮಂತ್ರಿ, ಸಂವಿಧಾನ ಸಭೆಯ ಸದಸ್ಯ, ಆಮೇಲೆ ಕೇಂದ್ರ ಮಂತ್ರಿ. ಮುಳಬಾಗಿಲು ತಾಲ್ಲೂಕಿನ ಮಿಟ್ಟೂರಿನ ಎನ್. ವೆಂಕಟಾಚಲ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿ ನಿವೃತ್ತರಾದ ಮೇಲೆ 2001ರಿಂದ 2006ರವರೆಗೆ ಲೋಕಾಯುಕ್ತರಾಗಿದ್ದರು. ಅವರು ಸರ್ಕಾರಿ ಆಸ್ಪತ್ರೆಗೋ ಕಚೇರಿಗೋ ಹೇಳದೆ ಕೇಳದೆ ಬಂದು ನಿಂತದ್ದನ್ನು ನಿಮ್ಮ ಅಪ್ಪ ಅಮ್ಮಂದಿರು ಟಿವಿಯಲ್ಲಿ ನೋಡಿದ್ದಾರೆ, ಕೇಳಿ. ಚಿಂತಾಮಣಿ ಕಡೆಯ ವಿ. ಗೋಪಾಲಗೌಡ 2012ರಿಂದ 2016ರವರೆಗೆ ಸುಪ್ರೀಂ ಕೋರ್ಟಿನಲ್ಲಿದ್ದರು.

ನಿವೃತ್ತ ಜಡ್ಜ್ ರಾಜ್ಯಸಭೆಗೆ ಹೋಗುವುದು ಸರಿಯಾ?

ಕಾನೂನಿನಲ್ಲಿ ತಡೆಯಿಲ್ಲ. ಇಷ್ಟು ವರ್ಷ ಕಾಯಬೇಕು ಅನ್ನುವ ನಿಯಮವೂ ಇಲ್ಲ. ಮುಖ್ಯ ನ್ಯಾಯಮೂರ್ತಿಯಾಗಿ ನಿವೃತ್ತರಾದ ರಂಗನಾಥ ಮಿಶ್ರಾ ಏಳು ವರ್ಷದ ಹತ್ತಿರ ಆದ ಮೇಲೆ, 1998ರಲ್ಲಿ ರಾಜ್ಯಸಭೆಗೆ ಆಯ್ಕೆಯಾದರು. ಇನ್ನೊಬ್ಬ ಮುಖ್ಯ ನ್ಯಾಯಮೂರ್ತಿ ರಂಜನ್ ಗೊಗೊಯ್ 2019ರ ನವೆಂಬರ್‌ನಲ್ಲಿ ನಿವೃತ್ತರಾಗಿ 2020ರ ಮಾರ್ಚ್‌ನಲ್ಲಿ ನಾಮನಿರ್ದೇಶನಗೊಂಡರು. ಅಸ್ಸಾಮಿನ ಬಹರುಲ್ ಇಸ್ಲಾಂ ರಾಜ್ಯಸಭೆಯಿಂದ ಹೈಕೋರ್ಟಿಗೆ, ಸುಪ್ರೀಂ ಕೋರ್ಟಿಗೆ ಹೋಗಿ, 1983ರಲ್ಲಿ ರಾಜೀನಾಮೆ ಕೊಟ್ಟು ಅದೇ ವರ್ಷ ಮತ್ತೆ ರಾಜ್ಯಸಭೆಗೆ ಬಂದರು. ಕಲ್ಕತ್ತಾ ಹೈಕೋರ್ಟಿನ ಅಭಿಜಿತ್ ಗಂಗೋಪಾಧ್ಯಾಯ 2024ರ ಮಾರ್ಚ್‌ನಲ್ಲಿ ರಾಜೀನಾಮೆ ಕೊಟ್ಟು, ಕೆಲವೇ ದಿನದಲ್ಲಿ ಪಕ್ಷ ಸೇರಿ, ಜೂನ್‌ನಲ್ಲಿ ಲೋಕಸಭೆಗೆ ಗೆದ್ದರು.

ನನ್ನ ಅಭಿಪ್ರಾಯ ಕೇಳುತ್ತೀರಾದ್ದರಿಂದ ಹೇಳುತ್ತೇನೆ. ನಾನು ಎರಡು ವಿಷಯ ನೋಡುತ್ತೇನೆ: ಸ್ಥಾನ ಕೊಟ್ಟವರು ಯಾರು, ನಡುವೆ ಎಷ್ಟು ಕಾಲ ಕಳೆಯಿತು. ರಾಜ್ಯಸಭೆಯ 12 ನಾಮನಿರ್ದೇಶಿತ ಸ್ಥಾನಗಳನ್ನು ರಾಷ್ಟ್ರಪತಿಗಳು ತುಂಬುವುದು ಸರ್ಕಾರದ ಸಲಹೆಯ ಮೇಲೆ. ಆ ಸರ್ಕಾರವೇ ನಿನ್ನೆಯವರೆಗೆ ಅದೇ ಜಡ್ಜ್ ಮುಂದೆ ಕಕ್ಷಿದಾರ. ನಾಲ್ಕು ತಿಂಗಳಲ್ಲಿ ಅಂಥ ಸ್ಥಾನ ಒಪ್ಪಿಕೊಂಡರೆ, ಹಳೆಯ ತೀರ್ಪುಗಳು ಎಷ್ಟೇ ಪ್ರಾಮಾಣಿಕವಾಗಿದ್ದರೂ ಸೋತ ಕಕ್ಷಿದಾರನ ಮನಸ್ಸಿನಲ್ಲಿ ಮುಳ್ಳು ಉಳಿಯುತ್ತದೆ. ಕ್ರೈಪಾಕ್ ಹೇಳಿದ "ನಂಬಲು ಸಮಂಜಸ ಕಾರಣ" ಅಂದರೆ ಇದೇ. ಮತದಾರರ ಹತ್ತಿರ ಹೋಗುವುದು ಅದಕ್ಕಿಂತ ವಾಸಿ, ಆದರೆ ಕೋಟು ಬಿಚ್ಚಿದ ವಾರದಲ್ಲೇ ಪಕ್ಷದ ಶಾಲು ಹೊದ್ದರೆ ಆ ಮುಳ್ಳು ಅಲ್ಲೂ ಇರುತ್ತದೆ. ಹೆಗ್ಡೆ ಸರ್ಕಾರದ ವಿರುದ್ಧ ಬರೆದು ಸ್ಥಾನ ಕಳೆದುಕೊಂಡರು, ನಾಲ್ಕು ವರ್ಷ ಹೊರಗಿದ್ದರು, ಆಮೇಲೆ ಜನರ ಮುಂದೆ ನಿಂತರು. ಈ ವಿಷಯದಲ್ಲಿ ನಾನು ಅವರನ್ನೇ ಮಾದರಿ ಅನ್ನುತ್ತೇನೆ.

ಜಡ್ಜ್ ಆಗಿದ್ದುಕೊಂಡೇ ಚುನಾವಣೆಗೆ ನಿಲ್ಲಬಹುದಾ? ವಕೀಲರು?

ಜಡ್ಜ್ ನಿಲ್ಲುವಂತಿಲ್ಲ, ಹೈಕೋರ್ಟು, ಸುಪ್ರೀಂ ಕೋರ್ಟಿನವರಾದರೆ ಮೊದಲು ರಾಷ್ಟ್ರಪತಿಗಳಿಗೆ ಸಹಿ ಮಾಡಿದ ರಾಜೀನಾಮೆ ಪತ್ರ ಹೋಗಬೇಕು. ವಕೀಲರಿಗೆ ಅಡ್ಡಿಯಿಲ್ಲ. ಗೆದ್ದ ಮೇಲೂ ವಕೀಲಿ ಮುಂದುವರಿಸಬಹುದು ಅಂತ 2018ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಮಂತ್ರಿಯಾದರೆ ಮಾತ್ರ ಬೇರೆ ಮಾತು.

ಜಡ್ಜ್ ಆಗಿ ನಿವೃತ್ತರಾದವರು ಮತ್ತೆ ಕೋಲಾರಕ್ಕೆ ಬಂದು ವಕೀಲಿ ಮಾಡಬಹುದಾ?

ಸುಪ್ರೀಂ ಕೋರ್ಟಿನಿಂದ ನಿವೃತ್ತರಾದವರು ದೇಶದ ಯಾವ ಕೋರ್ಟಿನಲ್ಲೂ ವಾದ ಮಾಡುವಂತಿಲ್ಲ. ಕಾಯಂ ಹೈಕೋರ್ಟ್ ಜಡ್ಜ್ ಆಗಿದ್ದವರು ಸುಪ್ರೀಂ ಕೋರ್ಟಿನಲ್ಲಿ, ಬೇರೆ ರಾಜ್ಯಗಳ ಹೈಕೋರ್ಟಿನಲ್ಲಿ ಮಾತ್ರ ಮಾಡಬಹುದು. ಕೋಲಾರದಲ್ಲಿ ಇಲ್ಲ.

ನಾನು ಇಲ್ಲೇ ಎಲ್‌ಎಲ್‌ಬಿ ಮಾಡುತ್ತಿದ್ದೇನೆ. ಜಡ್ಜ್ ಆಗಬೇಕು. ಎಲ್ಲಿಂದ ಶುರು ಮಾಡಲಿ?

ಮೊದಲು ಸನ್ನದು, ಅಂದರೆ ವಕೀಲರಾಗಿ ನೋಂದಣಿ. ನೋಂದಣಿಗೆ ಸಾವಿರಾರು ರೂಪಾಯಿ ಬೇಕು ಅಂತ ಹಿಂಜರಿಯಬೇಡಿ. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟು ನೋಂದಣಿ ಶುಲ್ಕ ಸಾಮಾನ್ಯ ವರ್ಗಕ್ಕೆ 750 ರೂಪಾಯಿ, ಪರಿಶಿಷ್ಟ ಜಾತಿ ಪಂಗಡಕ್ಕೆ 125 ರೂಪಾಯಿ ಮೀರಬಾರದು ಎಂದಿದೆ. ಆಮೇಲೆ ಮೂರು ವರ್ಷ ಪ್ರಾಕ್ಟೀಸ್. ಸಿವಿಲ್ ಜಡ್ಜ್ ಹುದ್ದೆಗೆ ಇದನ್ನು 2025ರ ಮೇ 20ರ ತೀರ್ಪಿನಲ್ಲಿ ಮತ್ತೆ ಕಡ್ಡಾಯ ಮಾಡಿದ್ದಾರೆ. ತಾತ್ಕಾಲಿಕ ನೋಂದಣಿಯ ದಿನದಿಂದಲೇ ಲೆಕ್ಕ. ಏಳು ವರ್ಷ ವಕೀಲಿ ಮಾಡಿದವರು ನೇರವಾಗಿ ಜಿಲ್ಲಾ ನ್ಯಾಯಾಧೀಶರ ಪರೀಕ್ಷೆಗೂ ಕೂರಬಹುದು.

ಈ ಮೂರು ವರ್ಷವನ್ನು ಶಿಕ್ಷೆ ಅಂತ ಭಾವಿಸುವವರೇ ಹೆಚ್ಚು. ಯಾಕೆ ಬೇಕು ಅನ್ನುವುದಕ್ಕೆ ನಾನು ಜೂನಿಯರ್ ಆಗಿದ್ದಾಗ ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಆಂಧ್ರದ ಗಡಿಯ ಹಳ್ಳಿಯೊಂದರ ಹದ್ದುಬಸ್ತಿನ ಜಗಳ. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಸಾಕ್ಷಿಕಟ್ಟೆ ಹತ್ತಿದರು. ನಮ್ಮ ಕಡೆ ಎಷ್ಟೋ ಜನರ ಮನೆಮಾತು ತೆಲುಗು, ಸಾಕ್ಷಿ ಹೇಳುವುದು ತೆಲುಗಿನಲ್ಲಿ, ದಾಖಲಾಗುವುದು ಕನ್ನಡದಲ್ಲಿ. ನಿಮ್ಮ ಜಮೀನು ಎಲ್ಲಿವರೆಗೆ ಅಂತ ಕೇಳಿದ್ದಕ್ಕೆ ಅಜ್ಜಿ "ಗಟ್ಟು ಮೀದ ಚಿಂತ ಚೆಟ್ಟು" ಅಂದರು. ಬೆರಳಚ್ಚುಗಾರರು "ಗುಡ್ಡದ ಮೇಲಿನ ಹುಣಸೆ ಮರ" ಅಂತ ಟೈಪು ಮಾಡಿದರು. ತೆಲುಗಿನಲ್ಲಿ ಗಟ್ಟು ಅಂದರೆ ಗುಡ್ಡವೂ ಹೌದು, ಹೊಲದ ಬದುವೂ ಹೌದು. ಗುಡ್ಡ ಇದ್ದದ್ದು ಅರ್ಧ ಮೈಲಿ ಆಚೆ! ಎದುರು ವಕೀಲರು ಅದನ್ನು ಹಾಗೇ ಹಿಡಿದುಕೊಂಡು ಮುಂದಿನ ಪ್ರಶ್ನೆಗೆ ಹೋಗಿಬಿಟ್ಟಿದ್ದರು. ಜಡ್ಜ್ ಸಾಹೇಬರು ತಲೆ ಎತ್ತಿ, "ನಿಲ್ಲಿ. ಅಮ್ಮಾ, ಆ ಗಟ್ಟು ಎಷ್ಟು ಎತ್ತರ ಇದೆ?" ಅಂತ ಕೇಳಿದರು. ಅಜ್ಜಿ ಬಗ್ಗಿ ಮೊಣಕಾಲಿನ ಹತ್ತಿರ ಅಂಗೈ ಹಿಡಿದು ತೋರಿಸಿದರು. "ಬದುವಿನ ಮೇಲಿನ ಹುಣಸೆ ಮರ, ಬದು ಮೊಣಕಾಲೆತ್ತರ ಎಂದು ಸಾಕ್ಷಿದಾರರು ಕೈಯಿಂದ ತೋರಿಸಿದರು" ಅಂತ ದಾಖಲಾಯಿತು. ಆ ಜಡ್ಜ್ ಮೊದಲು ತಾಲ್ಲೂಕು ಕೋರ್ಟಿನಲ್ಲಿ ವಕೀಲಿ ಮಾಡಿದ್ದವರು. ಪರೀಕ್ಷೆಯಲ್ಲಿ ಇಂಗ್ಲಿಷ್‌ನಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷ್‌ಗೆ ಅನುವಾದದ ಪತ್ರಿಕೆಯೂ ಇದೆ. ಅದಕ್ಕೆ ಓದುವಾಗೆಲ್ಲ ನನಗೆ ಆ ಅಜ್ಜಿಯ ಅಂಗೈ ನೆನಪಾಗುತ್ತಿತ್ತು.

ಹೈಕೋರ್ಟ್ ಜಡ್ಜ್ ಆಗಲು ಬೆಂಗಳೂರಿಗೇ ಹೋಗಬೇಕಾ?

ವಕೀಲರ ಕೋಟಾದಿಂದ ಆಗಬೇಕಾದರೆ ಬಹುಮಟ್ಟಿಗೆ ಹೌದು. ಜಡ್ಜ್ ಹುದ್ದೆಗೆ ಹೆಸರು ಶಿಫಾರಸು ಮಾಡುವ ಕೊಲಿಜಿಯಂನ ಹಿರಿಯ ನ್ಯಾಯಮೂರ್ತಿಗಳು ನಿಮ್ಮ ವಾದವನ್ನು ಕೇಳಿರಬೇಕಲ್ಲ. ಇನ್ನೊಂದು ದಾರಿ ಜಿಲ್ಲಾ ನ್ಯಾಯಾಧೀಶರಾಗಿ ಸೇವೆ ಮಾಡಿ ಬಡ್ತಿ ಪಡೆಯುವುದು. ಹೈಕೋರ್ಟಿನಲ್ಲಿ ನಿವೃತ್ತಿ 62ಕ್ಕೆ, ಸುಪ್ರೀಂ ಕೋರ್ಟಿನಲ್ಲಿ 65ಕ್ಕೆ. ತಡವಾಗಿ ಬಡ್ತಿ ಪಡೆದವರಿಗೆ ಹೈಕೋರ್ಟಿನಲ್ಲಿ ಸಿಗುವುದು ಕೆಲವೇ ವರ್ಷ.

ಲೋಕಸಭೆಗೆ ಇಲ್ಲಿಂದ ನಿಲ್ಲಬೇಕು ಅಂದರೆ?

ಲೋಕಸಭೆಗೆ 25 ವರ್ಷ ತುಂಬಿರಬೇಕು, ರಾಜ್ಯಸಭೆಗೆ 30. ಕೋಲಾರ ಲೋಕಸಭಾ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲು. ಚಿಂತಾಮಣಿ, ಶಿಡ್ಲಘಟ್ಟದವರು 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದರೂ ಲೋಕಸಭೆಗೆ ಓಟು ಹಾಕುವುದು ಕೋಲಾರ ಕ್ಷೇತ್ರಕ್ಕೇ. ಗೌರಿಬಿದನೂರು, ಬಾಗೇಪಲ್ಲಿಯವರು ಚಿಕ್ಕಬಳ್ಳಾಪುರ ಕ್ಷೇತ್ರಕ್ಕೆ, ಅದು ಸಾಮಾನ್ಯ. ಠೇವಣಿ 25,000 ರೂಪಾಯಿ, ಪರಿಶಿಷ್ಟರಿಗೆ ಅದರ ಅರ್ಧ. ಮಿಕ್ಕ ಖರ್ಚಿನ ಬಗ್ಗೆ ನಿಮಗೇ ಗೊತ್ತು.

ನನಗೆ ಇಂಗ್ಲಿಷ್ ಅಷ್ಟಾಗಿ ಬರಲ್ಲ ಸರ್. ಇದೆಲ್ಲ ನನ್ನಿಂದ ಆಗುತ್ತಾ?

ಈ ಪ್ರಶ್ನೆ ಯಾವಾಗಲೂ ಕೊನೆಗೆ ಬರುತ್ತದೆ, ಬೇರೆಯವರು ಎದ್ದು ಹೋದ ಮೇಲೆ, ಮೆಲ್ಲಗೆ. ತಾಲ್ಲೂಕು, ಜಿಲ್ಲಾ ಕೋರ್ಟುಗಳಲ್ಲಿ ಕನ್ನಡದಲ್ಲೇ ವಾದ ಮಾಡಬಹುದು, ಕನ್ನಡದಲ್ಲೇ ತೀರ್ಪು ಬರೆಯಬಹುದು. ಹೈಕೋರ್ಟಿಗೆ ಹೋದರೆ 348ನೇ ವಿಧಿಯ ಪ್ರಕಾರ ಇಂಗ್ಲಿಷ್ ಬೇಕು, ಅದನ್ನು ಕಲಿಯಲೇಬೇಕು, ದಿನಕ್ಕೆ ಒಂದು ತೀರ್ಪು ಗಟ್ಟಿಯಾಗಿ ಓದಿದರೆ ಎರಡು ವರ್ಷದಲ್ಲಿ ಬರುತ್ತದೆ. ಕ್ರೈಪಾಕ್‌ನಿಂದಲೇ ಶುರು ಮಾಡಿ, ಹೆಗ್ಡೆ ಅವರ ಇಂಗ್ಲಿಷ್ ಸರಳ. ಸಂಸತ್ತಿನಲ್ಲಿ ಮಾತ್ರ ಈ ಚಿಂತೆ ಬೇಡ. ತಾಯ್ನುಡಿಯಲ್ಲಿ ಮಾತಾಡಲು ಸ್ಪೀಕರ್ ಅನುಮತಿ ಕೊಡಬಹುದು ಅಂತ 120ನೇ ವಿಧಿಯಲ್ಲೇ ಇದೆ.

ನನ್ನ ಆಫೀಸಿನ ಕಪಾಟಿನಲ್ಲಿ ಆ ತೀರ್ಪಿನ ಜೆರಾಕ್ಸ್ ಇದೆ, ಅಂಚಿನಲ್ಲಿ ನಾನು ಬರೆದ ಕನ್ನಡ ಟಿಪ್ಪಣಿಯೂ ಇದೆ. ಬೇಕಾದವರು ಸಂಜೆ ಆರರ ಮೇಲೆ ಬಂದು ಒಯ್ಯಬಹುದು, ವಾಪಸ್ ತಂದುಕೊಡಿ.